ಪೆಟ್ಟು ತಿನ್ನುವ ಹುಡುಗನ ಬಗ್ಗೆ ತರಗತಿ ಏನೆನ್ನುತ್ತದೆ?

ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟದ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಪತ್ರಗಳು ಬರುತ್ತವೆ. ನನ್ನ ಮಗನಿಗೆ ಯಾರಾದರೂ ಕಾಟ ಕೊಡುತ್ತಿದ್ದರೆ ನನಗೆ ಗೊತ್ತಾಗುವುದು ಹೇಗೆ ಎಂದು ಕೇಳುವವರೇ ಹೆಚ್ಚು. ನನ್ನ ಮಗಳೇ ಇನ್ನೊಬ್ಬಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾಳಂತೆ, ಏನು ಮಾಡಲಿ ಎಂದು ಬರೆಯುವ ಧೈರ್ಯವಂತರೂ ಕೆಲವರಿದ್ದಾರೆ. ಈಚೆಗೆ ಇನ್ನೊಂದು ಬಗೆಯ ಪ್ರಶ್ನೆ ಶುರುವಾಗಿದೆ. ಅದನ್ನು ಕೇಳುತ್ತಿರುವವರು ಹೆಚ್ಚಾಗಿ ಹೈಸ್ಕೂಲಿನ ಮೇಷ್ಟರು, ಮೇಡಂಗಳು. ಕಾಟ ಕೊಡುವವರು ತರಗತಿಗೆ ಇಬ್ಬರೋ ಮೂವರೋ ಇರುತ್ತಾರೆ, ಅದನ್ನು ಅನುಭವಿಸುವವರೂ ಹೆಚ್ಚುಕಡಿಮೆ ಅಷ್ಟೇ. ಉಳಿದವರೆಲ್ಲ ನೋಡಿಕೊಂಡು ಇರುತ್ತಾರೆ. ಹಾಗೆ ನೋಡಿಕೊಂಡು ಇರುವವರ ಮನಸ್ಸಿನಲ್ಲಿ ಪೆಟ್ಟು ತಿನ್ನುವವನ ಬಗ್ಗೆ ಏನಿದೆ? ಅದನ್ನು ಅಳೆಯಲು ಬರುತ್ತದೆಯೇ?

ಬರುತ್ತದೆ. ಮೂವತ್ತು ವರ್ಷಕ್ಕೂ ಹಿಂದಿನಿಂದ ಅಳೆಯುತ್ತ ಬಂದಿದ್ದಾರೆ. ಆದರೆ ನಮ್ಮ ಶಾಲೆಗಳಲ್ಲಿ ಈ ಕೆಲಸ ನಡೆಯುವುದು ಬಹಳ ಅಪರೂಪ. ದೂರು ಪೆಟ್ಟಿಗೆ ಇದೆ, ಸಿಬಿಎಸ್‌ಇ ಶಾಲೆಗಳಿಗಾದರೆ ಇಂಥ ಕಾಟ ತಡೆಯಲು ಸಮಿತಿ ಮಾಡಬೇಕೆಂಬ 2015ರ ಸುತ್ತೋಲೆಯಿದೆ. ಇವೆಲ್ಲ ಕಾಟ ನಡೆದಾದ ಮೇಲೆ ಕೆಲಸಕ್ಕೆ ಬರುವಂಥವು. ಪೆಟ್ಟಿಗೆಯಲ್ಲಿ ದೂರು ಬಿದ್ದಿಲ್ಲ ಎಂದರೆ ತರಗತಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಂಬಿ ಕೂರುವ ಶಾಲೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ದೂರು ಕೊಟ್ಟರೆ ತನ್ನ ಪರವಾಗಿ ಯಾರೂ ನಿಲ್ಲುವುದಿಲ್ಲ ಎಂದು ತಿಳಿದಿರುವ ಹುಡುಗ ಪೆಟ್ಟಿಗೆಯ ಹತ್ತಿರ ಹೋಗುವುದೇ ಇಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಉಳಿದವರ ಮನಸ್ಸನ್ನು ಎಂಬುದು ನನ್ನ ಅಭಿಪ್ರಾಯ.

ಸ್ವಲ್ಪ ಹಿನ್ನೆಲೆ ಹೇಳಬೇಕು. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಜೊತೆಯ ಮಕ್ಕಳ ಕಾಟವೇ ಕಾರಣವಿರಬೇಕೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು, ದೇಶವೇ ತಲ್ಲಣಿಸಿತು, ಮರುವರ್ಷ ಶಾಲೆಗಳಲ್ಲಿ ರಾಷ್ಟ್ರಮಟ್ಟದ ಅಭಿಯಾನ ಶುರುವಾಯಿತು. ಬರ್ಗೆನ್ ನಗರದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಆಗ ದೊಡ್ಡ ಪ್ರಮಾಣದಲ್ಲಿ ಮಕ್ಕಳಿಗೆ ಕೊಟ್ಟರು. ನಿನಗೆ ಯಾರಾದರೂ ಕಾಟ ಕೊಟ್ಟಿದ್ದಾರೆಯೇ, ನೀನು ಯಾರಿಗಾದರೂ ಕೊಟ್ಟಿದ್ದೀಯೇ, ಎಷ್ಟು ಸಲ ಎಂಬ ಲೆಕ್ಕ ಅದರಲ್ಲಿತ್ತು. ಸುಮಾರು ಶೇ 15 ಮಕ್ಕಳು ಕೊಡುವವರಾಗಿಯೋ ಅನುಭವಿಸುವವರಾಗಿಯೋ ಈ ಜಾಲದೊಳಗಿದ್ದರು. ಜಗತ್ತಿನಾದ್ಯಂತ ಮುಂದೆ ನಡೆದ ಸಮೀಕ್ಷೆಗಳಿಗೆಲ್ಲ ಇದೇ ಮಾದರಿಯಾಯಿತು. ಆ ಎಣಿಕೆ ಬೇಕೇ ಬೇಕಿತ್ತು. ಆದರೆ ಉಳಿದ ಶೇ 85 ಮಕ್ಕಳು ಏನು ಯೋಚಿಸುತ್ತಾರೆ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ಕೆನ್ ರಿಗ್ಬಿ ಮತ್ತು ಫಿಲಿಪ್ ಸ್ಲೀ ಗಮನ ಕೊಟ್ಟದ್ದು ಇತ್ತ ಕಡೆ. 1991ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 16 ವರ್ಷದೊಳಗಿನ 685 ಮಕ್ಕಳಿದ್ದರು. ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಮಗು ಜೊತೆಯವರ ಕಾಟಕ್ಕೆ ಗುರಿಯಾಗಿತ್ತು ಎಂಬ ಲೆಕ್ಕ ಅದರಲ್ಲೂ ಇದೆ. ಜೊತೆಗೆ, ಕಾಟಕ್ಕೆ ಸುಲಭವಾಗಿ ಸಿಕ್ಕಿಬೀಳುವಂಥ ಮಕ್ಕಳ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಕೇಳುವ ಒಂದು ಅಳತೆಗೋಲನ್ನೂ ಅವರು ಕಟ್ಟಿದರು. ಇಪ್ಪತ್ತು ಹೇಳಿಕೆಗಳ ಒಂದು ಪಟ್ಟಿ ಅದು, ಮುಂದೆ ಅದನ್ನೇ ಹತ್ತಕ್ಕೆ ಇಳಿಸಿದ ಚಿಕ್ಕ ರೂಪವೂ ಬಳಕೆಗೆ ಬಂತು. ಪ್ರತಿ ಹೇಳಿಕೆಯ ಮುಂದೆ ಒಪ್ಪುತ್ತೇನೆ, ಗೊತ್ತಿಲ್ಲ, ಒಪ್ಪುವುದಿಲ್ಲ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಈ ಹೇಳಿಕೆಗಳ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಕಸುಬು ಇರುವುದು ಅಲ್ಲೇ. ಕೆಲವು ಹೇಳಿಕೆಗಳು ಮೆದು ಸ್ವಭಾವದ ಮಕ್ಕಳ ಪರವಾಗಿರುತ್ತವೆ: ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದವರಿಗೆ ನೆರವಾಗಬೇಕು, ಅಂಥವರ ಪರ ಯಾರಾದರೂ ಎದ್ದು ನಿಂತರೆ ಖುಷಿಯಾಗುತ್ತದೆ, ಇಂಥ ಧಾಟಿಯವು. ಇನ್ನು ಕೆಲವು ತದ್ವಿರುದ್ಧ: ಪದೇ ಪದೇ ಪೆಟ್ಟು ತಿನ್ನುವವರದ್ದೂ ತಪ್ಪಿರುತ್ತದೆ, ಎದುರು ಮಾತಾಡಲಾರದವರ ಜೊತೆ ನಾನು ಸ್ನೇಹ ಮಾಡುವುದಿಲ್ಲ, ರೇಗಿಸಿದಾಗ ಕೆಲವರು ಅಳುಮೋರೆ ಮಾಡುವುದನ್ನು ನೋಡಲು ಮಜವಾಗಿರುತ್ತದೆ, ಹೀಗೆ. ಎರಡು ಬಗೆಯವನ್ನೂ ಬೆರೆಸಿ ಇಡುತ್ತಾರೆ. ಏಕೆಂದರೆ ಯಾವ ಹೇಳಿಕೆ ಕೊಟ್ಟರೂ ಹೂಂ ಅನ್ನುವ ಮಕ್ಕಳು ಎಲ್ಲ ತರಗತಿಗಳಲ್ಲೂ ಇರುತ್ತಾರೆ. ಹೇಳಿಕೆಗಳೆಲ್ಲ ಒಂದೇ ದಿಕ್ಕಿನವಾದರೆ ಆ ಹೂಂಗುಟ್ಟುವ ಅಭ್ಯಾಸವೇ ಕನಿಕರವಾಗಿ ಲೆಕ್ಕಕ್ಕೆ ಬಂದುಬಿಡುತ್ತದೆ. ಬೆರೆಸಿದಾಗ, ವಿರುದ್ಧ ದಿಕ್ಕಿನ ಹೇಳಿಕೆಗಳಿಗೆ ಅಂಕವನ್ನು ತಿರುವಿ ಕೊಡುತ್ತಾರೆ, ಅಂದರೆ ‘ಸ್ನೇಹ ಮಾಡುವುದಿಲ್ಲ’ ಎಂಬುದನ್ನು ಒಪ್ಪದವನಿಗೆ ಹೆಚ್ಚು ಅಂಕ. ಎಲ್ಲಕ್ಕೂ ಕಣ್ಣು ಮುಚ್ಚಿ ‘ಒಪ್ಪುತ್ತೇನೆ’ ಎಂದು ಗೀಚಿದವನು ಕೊನೆಗೆ ನಡುವಿನಲ್ಲಿ ಬಂದು ನಿಲ್ಲುತ್ತಾನೆ.

ಒಂದೇ ಪ್ರಶ್ನೆ ಕೇಳಿದರೆ ಸಾಲದೇ, ಇಪ್ಪತ್ತು ಯಾಕೆ ಎಂದು ಒಬ್ಬ ಮೇಷ್ಟರು ಬರೆದಿದ್ದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಾಗುವುದು ಪಾತ್ರೆಯ ತುಂಬ ಒಂದೇ ಅಕ್ಕಿ ಇರುವುದರಿಂದ. ಮಕ್ಕಳ ಮನಸ್ಸಿನಲ್ಲಿ ಈ ವಿಷಯಕ್ಕೆ ಒಂದೇ ಎಳೆ ಇಲ್ಲ. ರಿಗ್ಬಿ ಮತ್ತು ಸ್ಲೀ ತಮಗೆ ಬಂದ ಉತ್ತರಗಳನ್ನು ಹರಡಿಕೊಂಡು, ಯಾವ ಹೇಳಿಕೆಯ ಉತ್ತರ ಯಾವುದರ ಜೊತೆ ಏರಿಳಿಯುತ್ತದೆ ಎಂದು ನೋಡಿದರು. ಮೂರು ಗುಂಪುಗಳು ಬೇರೆಬೇರೆಯಾಗಿ ಕಂಡವು. ಒಂದು, ಪೆಟ್ಟು ತಿನ್ನುವವರ ಬಗ್ಗೆ ತಾತ್ಸಾರ. ಇನ್ನೊಂದು, ಕಾಟ ಕೊಡುವುದರಲ್ಲಿ ತಪ್ಪೇನಿದೆ ಎಂಬ ಸಮರ್ಥನೆ. ಮತ್ತೊಂದು, ಪೆಟ್ಟು ತಿನ್ನುವವರಿಗೆ ನನ್ನ ಬೆಂಬಲವಿದೆ ಎಂಬ ಬಾಯಿಮಾತಿನ ಭರವಸೆ. ಈ ಮೂರೂ ಒಂದಕ್ಕೊಂದು ನಂಟಿರುವಂಥವೇ, ಆದರೆ ಒಂದೇ ಅಲ್ಲ. ನೆರವಾಗಬೇಕು ಎಂದು ಪ್ರಾಮಾಣಿಕವಾಗಿ ಬರೆಯುವ ಹುಡುಗನೇ ಮುಂದಿನ ಸಾಲಿನಲ್ಲಿ ಅಂಥವನ ಜೊತೆ ನನಗೆ ಸ್ನೇಹ ಬೇಡ ಎಂದೂ ಬರೆಯಬಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ಬಹುಮುಖ್ಯ ಪಾಠ ಇದು. ಶಾಲೆಗಳಲ್ಲಿ ನಾವು ಭಾಷಣ ಮಾಡುವುದೆಲ್ಲ ಎರಡನೆಯ ಎಳೆಯ ಬಗ್ಗೆ, ಕಾಟ ಕೊಡುವುದು ತಪ್ಪು ಎಂದು. ಅದು ತಪ್ಪೆಂದು ಹೆಚ್ಚಿನ ಮಕ್ಕಳಿಗೆ ಗೊತ್ತೇ ಇದೆ. ನಾವು ಮುಟ್ಟದೇ ಬಿಡುವುದು ಮೊದಲನೆಯ ಎಳೆಯನ್ನು, ಆ ತಾತ್ಸಾರವನ್ನು.

ತಾತ್ಸಾರ ಎಲ್ಲಿಂದ ಬರುತ್ತದೆ? ಒಳ್ಳೆಯ ಮಕ್ಕಳಲ್ಲೂ ಯಾಕೆ ಬರುತ್ತದೆ? ಇದಕ್ಕೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿನಿಯರಿಗೆ ಒಂದು ದೃಶ್ಯ ತೋರಿಸಿದರು. ಅದರಲ್ಲಿ ಒಬ್ಬಳು ಪಾಠ ಒಪ್ಪಿಸುವಾಗ ತಪ್ಪು ಹೇಳಿದಾಗಲೆಲ್ಲ ವಿದ್ಯುತ್ ಆಘಾತ ತಿನ್ನುವಂತೆ ನಟಿಸುತ್ತಿದ್ದಳು. ನೋಡುವವರಿಗೆ ಅದು ನಿಜವೆಂದೇ ಕಾಣುತ್ತಿತ್ತು. ಅವಳ ಸಂಕಟವನ್ನು ನಿಲ್ಲಿಸಿ ಬದಲಿಗೆ ಬಹುಮಾನ ಕೊಡಿಸುವ ಅವಕಾಶ ಸಿಕ್ಕ ಗುಂಪಿನವರು ಆಕೆಯ ಬಗ್ಗೆ ಕೆಟ್ಟದಾಗಿ ಮಾತಾಡಲಿಲ್ಲ. ಸಂಕಟ ಹೀಗೇ ಮುಂದುವರಿಯುತ್ತದೆ, ನೀವೇನೂ ಮಾಡುವಂತಿಲ್ಲ ಎಂದು ತಿಳಿದ ಗುಂಪಿನವರು ಆಕೆಯ ಸ್ವಭಾವವನ್ನೇ ಕೀಳಾಗಿ ಅಳೆದರು. ಜಗತ್ತು ನ್ಯಾಯವಾಗಿ ನಡೆಯುತ್ತಿದೆ ಎಂದು ನಂಬಬೇಕಾದರೆ, ಕಣ್ಣೆದುರು ನರಳುತ್ತಿರುವವಳಲ್ಲೇ ಏನೋ ಕೊರತೆ ಇರಬೇಕು ಎಂದುಕೊಳ್ಳುವುದು ಮನಸ್ಸಿಗೆ ಸುಲಭ. ‘ಮಾಡಿದ್ದುಣ್ಣೋ ಮಹರಾಯ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವಲ್ಲ, ಹದಿಮೂರು ಹದಿನಾಲ್ಕರ ಮಕ್ಕಳೂ ಅದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ: ‘ಅವನೇ ಹಂಗಾಡ್ತಾನೆ ಸಾರ್, ಅದಕ್ಕೇ ಹೊಡಿಸ್ಕೊಳ್ತಾನೆ.’

ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ತರಗತಿಗೆ ಅನ್ವಯಿಸುವಾಗ ಎಚ್ಚರ ಬೇಕು ನಿಜ. ಆದರೂ ನನಗೆ ಹೀಗನ್ನಿಸುತ್ತದೆ. ಹೇಳಿದರೆ ಏನಾದರೂ ನಡೆಯುತ್ತದೆ ಎಂಬ ಭರವಸೆ ಇರುವ ತರಗತಿಯಲ್ಲಿ ನೋಡುವ ಮಕ್ಕಳ ಕನಿಕರ ಕನಿಕರವಾಗಿಯೇ ಉಳಿಯುತ್ತದೆ. ಏನು ಹೇಳಿದರೂ ‘ಹೋಗ್ರೋ, ನಿಮ್ಮ ನಿಮ್ಮಲ್ಲೇ ಬಗೆಹರಿಸ್ಕೊಳ್ಳಿ’ ಎಂಬ ಉತ್ತರವೇ ಸಿಗುವ ಕಡೆ ಅದು ಕೆಲವು ತಿಂಗಳಲ್ಲಿ ಹುಳಿತು ತಾತ್ಸಾರವಾಗುತ್ತದೆ. ದಿನಾ ನೋಡಬೇಕು, ಏನೂ ಮಾಡುವಂತಿಲ್ಲ ಎಂದಾದಾಗ ಆ ಹುಡುಗನನ್ನು ಕಂಡರೇ ಮಕ್ಕಳಿಗೆ ಸಿಟ್ಟು ಬರುತ್ತದೆ.

ಸ್ವೀಡನ್ನಿನ ರಾಬರ್ಟ್ ಥಾರ್ನ್‌ಬರ್ಗ್ ಶಾಲಾ ಮಕ್ಕಳನ್ನು ಕೂರಿಸಿಕೊಂಡು, ಕಾಟ ಯಾಕೆ ನಡೆಯುತ್ತದೆ ಎಂದು ಮಾತಾಡಿಸಿದಾಗ ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಕಾರಣ, ಪೆಟ್ಟು ತಿನ್ನುವವನು ಬೇರೆ ಥರ ಇದ್ದಾನೆ ಎಂಬುದು. ಬಟ್ಟೆ ಬೇರೆ, ಮಾತು ಬೇರೆ, ನಡೆ ಬೇರೆ. ಯುನೆಸ್ಕೊ 2019ರಲ್ಲಿ ಹಲವು ದೇಶಗಳ ಅಂಕಿಅಂಶ ಒಟ್ಟುಮಾಡಿದಾಗಲೂ ಮಕ್ಕಳು ಹೇಳಿದ ಕಾರಣಗಳಲ್ಲಿ ಮೈಯ ರೂಪವೇ ಮೊದಲಿತ್ತು. ನಮ್ಮ ತರಗತಿಗಳಲ್ಲಿ ಇದಕ್ಕೆ ಹೆಸರುಗಳು ರೆಡಿಯಾಗಿವೆ: ಡುಮ್ಮ, ಕುಳ್ಳಿ, ಸೋಡಾಬುಡ್ಡಿ, ಕರಿಯ, ತೊದಲ, ಅಳುಬುರುಕ. ಜಾತಿ, ಊರು, ಅಪ್ಪನ ಕಸುಬು ಹಿಡಿದು ಆಡುವ ಹೆಸರುಗಳೂ ಇವೆ, ಅವನ್ನು ಇಲ್ಲಿ ಬರೆಯಲಾರೆ. ಇದರಲ್ಲಿ ನನಗೆ ತೀರ ನೋವು ಕೊಡುವ ಸಂಗತಿ, ಈ ಹೆಸರುಗಳು ಎಷ್ಟೋ ಸಲ ಸ್ಟಾಫ್ ರೂಮಿನಲ್ಲೂ ಓಡಾಡುತ್ತಿರುತ್ತವೆ. ‘ಲೇ ಕರಿಯಾ, ಬೋರ್ಡ್ ಒರೆಸು ಬಾರೋ’ ಎಂದು ಪ್ರೀತಿಯಿಂದಲೇ ಕರೆಯುವ ಮೇಷ್ಟರನ್ನು ನಾನು ಕಂಡಿದ್ದೇನೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಕ್ಕಿಲ್ಲ. ಆದರೆ ಯಾರನ್ನು ಆಡಿಕೊಳ್ಳಬಹುದು ಎಂಬುದಕ್ಕೆ ಇಡೀ ತರಗತಿಗೆ ಅಂದು ಪರವಾನಗಿ ಸಿಕ್ಕಿರುತ್ತದೆ.

ಅಳತೆಗೋಲಿನಲ್ಲಿ ಹೆಸರಿರುವ ಮಗು ಬಾರದೆ ‘ಇಂಥ ಮಕ್ಕಳು’ ಎಂದಷ್ಟೇ ಬರುವುದು ಈ ಕಾರಣಕ್ಕೇ. ನಿಮ್ಮ ತರಗತಿಯ ಇಂಥವನ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದರೆ ಹಳೆಯ ಜಗಳ, ನೆಂಟಸ್ತಿಕೆ, ಕ್ರಿಕೆಟ್ ಟೀಮಿನ ವ್ಯಾಜ್ಯ ಎಲ್ಲವೂ ಉತ್ತರದೊಳಗೆ ಸೇರಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಹುಡುಗನ ಹೆಸರು ಹಾಳೆಯ ಮೇಲೆ ಬಂದ ಕ್ಷಣವೇ ಅವನಿಗೆ ಇನ್ನೊಂದು ಪೆಟ್ಟು ಬಿದ್ದಂತೆ. ಮುಂದೆ ಯಾರು ಗುರಿಯಾಗಬಹುದೋ ಆ ಬಗೆಯ ಮಕ್ಕಳ ಬಗ್ಗೆ ಕೇಳಿದರೆ, ಕಾಟ ಶುರುವಾಗುವ ಮೊದಲೇ ನೆಲ ಹೇಗಿದೆ ಎಂಬುದು ತಿಳಿಯುತ್ತದೆ.

ಅಡಿಲೇಡಿನ ಮಕ್ಕಳು ಏನು ಬರೆದರು? ಒಟ್ಟಾರೆ ಒಳ್ಳೆಯ ಸುದ್ದಿಯೇ. ಬಹುಪಾಲು ಮಕ್ಕಳು ಪೆಟ್ಟು ತಿನ್ನುವವರ ಪರವಾಗಿದ್ದರು, ಹುಡುಗಿಯರು ಹುಡುಗರಿಗಿಂತ ಸ್ವಲ್ಪ ಹೆಚ್ಚು. ಕಳವಳದ ಸಂಗತಿ ವಯಸ್ಸಿನದು. ವಯಸ್ಸು ಏರಿದಂತೆ ಕನಿಕರ ಹೆಚ್ಚುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಲ್ಲಿ ಕಂಡದ್ದು ಇಳಿಮುಖ. ಚಿಕ್ಕ ಮಕ್ಕಳಲ್ಲಿದ್ದ ಬೆಂಬಲ ಹದಿಹರೆಯಕ್ಕೆ ಬರುತ್ತ ತೆಳುವಾಗುತ್ತಿತ್ತು. ರಿಗ್ಬಿಯ ಮುಂದಿನ ಕೆಲಸದಲ್ಲಿ, ಹದಿನಾಲ್ಕು ಹದಿನೈದರ ಆಸುಪಾಸಿಗೆ ಈ ಇಳಿಕೆ ನಿಂತು ಮತ್ತೆ ಮೇಲೇಳುವ ಸೂಚನೆಯೂ ಕಂಡಿದೆ. ನಮ್ಮ ಲೆಕ್ಕದಲ್ಲಿ ಅದು ಎಂಟು, ಒಂಬತ್ತು, ಹತ್ತನೇ ತರಗತಿ. ಗುಂಪಿನೊಳಗೆ ತನ್ನ ಸ್ಥಾನ ಯಾವುದು ಎಂಬ ಚಿಂತೆ ಮಕ್ಕಳನ್ನು ತಿನ್ನುವ ವರ್ಷಗಳವು, ಪುಕ್ಕಲನ ಪಕ್ಕ ಕೂತರೆ ತಾನೂ ಪುಕ್ಕಲ ಎನ್ನಿಸಿಕೊಳ್ಳುವ ಭಯ ನಿಜವಾಗಿ ಇರುವ ವರ್ಷಗಳು. ಎಸ್ಸೆಸ್ಸೆಲ್ಸಿ ಎಂದು ನಾವು ಪೋರ್ಷನ್ ಮುಗಿಸುವ ಧಾವಂತದಲ್ಲಿ ಬೇರೆಲ್ಲ ಮಾತನ್ನೂ ಬದಿಗಿಡುವುದೂ ಇದೇ ವರ್ಷಗಳಲ್ಲಿ.

ಇಲ್ಲಿ ಒಂದು ಸಂಶಯ ಏಳಬೇಕು, ಏಳದಿದ್ದರೆ ಓದುಗರು ನನ್ನನ್ನು ಸುಮ್ಮನೆ ನಂಬುತ್ತಿದ್ದಾರೆ ಎಂದರ್ಥ. ಹಾಳೆಯ ಮೇಲೆ ಗುರುತು ಹಾಕಿದವರೆಲ್ಲ ಹಾಗೆಯೇ ನಡೆದುಕೊಳ್ಳುತ್ತಾರೆಯೇ? ಸ್ಟ್ಯಾನ್‌ಫರ್ಡಿನ ರಿಚರ್ಡ್ ಲಾಪಿಯೆರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ಅಮೆರಿಕ ಸುತ್ತಿದರು. ಚೀನೀಯರ ಬಗ್ಗೆ ಅಲ್ಲಿ ಆಗ ತುಂಬ ಅಸಹನೆಯಿತ್ತು. ಆದರೂ 251 ಹೋಟೆಲು, ವಸತಿಗೃಹಗಳ ಪೈಕಿ ಅವರನ್ನು ಒಳಗೆ ಬಿಡದೆ ಕಳಿಸಿದ್ದು ಒಂದೇ ಒಂದು. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸೇರಿಸುತ್ತೀರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದು ಬರೆದರು. 1934ರಲ್ಲಿ ಪ್ರಕಟವಾದ ಈ ಬರಹ ಅಂದಿನಿಂದ ಪ್ರಶ್ನಾವಳಿ ಮಾಡುವವರನ್ನೆಲ್ಲ ಎಚ್ಚರಿಸುತ್ತ ಬಂದಿದೆ. ಮಕ್ಕಳ ವಿಷಯದಲ್ಲಿ ಅಂತರ ಉಲ್ಟಾ ದಿಕ್ಕಿನದು, ಬರೆಯುವುದು ಒಳ್ಳೆಯದು, ಮಾಡುವುದು ಕಡಿಮೆ. ಕೆನಡಾದ ಟೊರಾಂಟೊದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಜೊತೆಗಾರರು ಪ್ರಾಥಮಿಕ ಶಾಲೆಗಳ ಆಟದ ಬಯಲಿನಲ್ಲಿ ದೂರದಿಂದ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕು ಸಿಕ್ಕಿಸಿ ಚಿತ್ರೀಕರಿಸಿದರು. 2001ರ ಅವರ ವರದಿಯಂತೆ, ಕಾಟದ ಪ್ರಸಂಗಗಳಲ್ಲಿ ಶೇ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ನಡುವೆ ಬಂದದ್ದು ಶೇ 19ರಲ್ಲಿ ಮಾತ್ರ. ಇದೇ ವರದಿಯ ಇನ್ನೊಂದು ಸಾಲನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ: ಹಾಗೆ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು, ಕಾಟ ಹತ್ತೇ ಸೆಕೆಂಡಿನೊಳಗೆ ನಿಂತುಹೋಯಿತು.

ಹಾಗಾದರೆ ಮಕ್ಕಳು ಹಾಳೆಯ ಮೇಲೆ ಬರೆದದ್ದು ಸುಳ್ಳೇ? ನಾನು ಹಾಗೆಂದುಕೊಳ್ಳುವುದಿಲ್ಲ. ಯಾಕೆಂದು ಹೇಳಲು ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಕಂಡದ್ದನ್ನು ಹೇಳಬೇಕು. ಅಲ್ಲಿನ ಸಮಾಜ ವಿಜ್ಞಾನದ ಮೇಡಂ ಇಂಥ ಹೇಳಿಕೆಗಳನ್ನು ತಾವೇ ಕನ್ನಡದಲ್ಲಿ ಬರೆದು, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಒಂಬತ್ತನೇ ತರಗತಿಗೆ ಹಂಚಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೆಸರು ಬೇಡ, ನಂಬರ್ ಬೇಡ ಎಂದು ಅವರು ಹೇಳಿದ ಮೇಲೂ ಒಬ್ಬ ಹುಡುಗ ಅಭ್ಯಾಸಬಲದಿಂದ ರೋಲ್ ನಂಬರ್ ಬರೆದ, ಮೇಡಂ ಆ ಹಾಳೆ ಹರಿದು ಹೊಸದು ಕೊಟ್ಟರು. ಮಕ್ಕಳು ಬ್ಯಾಗುಗಳನ್ನು ಡೆಸ್ಕಿನ ಮೇಲೆ ನಿಲ್ಲಿಸಿ ಅಡ್ಡ ಮಾಡಿಕೊಂಡರು. ‘ಮಾತುಮಾತಿಗೆ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ’ ಎಂಬ ಹೇಳಿಕೆ ಬಂದಾಗ ಒಬ್ಬಳು ಕೈಯೆತ್ತಿದಳು. ‘ಮೇಡಂ, ಅಳೋರು ಅಂದ್ರೆ ಹುಡುಗರಾ, ಹುಡುಗೀರಾ?’ ಯಾರಾದರೂ ಸರಿ ಎಂದರು ಮೇಡಂ. ‘ಹುಡುಗೀರು ಅತ್ರೆ ಏನೂ ಅನ್ಸಲ್ಲ ಮೇಡಂ. ಹುಡುಗ್ರು ಅತ್ರೆ ಒಂಥರಾ ಆಗುತ್ತೆ.’ ತರಗತಿಯಲ್ಲಿ ಯಾರೂ ನಗಲಿಲ್ಲ, ಇಡೀ ತರಗತಿಯೇ ಅದನ್ನು ಒಪ್ಪಿದಂತಿತ್ತು. ಆ ಒಂದು ಪ್ರಶ್ನೆಯಿಂದ ಮೇಡಂಗೆ ಹೇಳಿಕೆಯನ್ನು ಎರಡಾಗಿ ಒಡೆಯಬೇಕೆಂದು ಗೊತ್ತಾಯಿತು. ಯಾರು ಸುಲಭದ ಗುರಿ ಎಂಬ ಲೆಕ್ಕ ಹುಡುಗನಿಗೊಂದು, ಹುಡುಗಿಗೊಂದು ಎಂಬುದೂ ಸ್ಪಷ್ಟವಾಯಿತು.

ಸಂಜೆ ಅವರ ಜೊತೆ ಕೂತು ಹಾಳೆಗಳನ್ನು ನೋಡಿದೆ. ಒಂದು ಹಾಳೆಯಲ್ಲಿ ‘ಅಂಥವರ ಜೊತೆ ನಾನು ಸ್ನೇಹ ಮಾಡುವುದಿಲ್ಲ’ ಎಂಬ ಸಾಲಿನ ಮುಂದೆ ‘ಒಪ್ಪುತ್ತೇನೆ’ಗೆ ಹಾಕಿದ ಗುರುತನ್ನು ಅಳಿಸಿ, ‘ಒಪ್ಪುವುದಿಲ್ಲ’ಕ್ಕೆ ಹಾಕಿ, ಅದನ್ನೂ ಅಳಿಸಿ, ಕಾಗದ ಹರಿದು ತೂತು ಬಿದ್ದಿತ್ತು. ಕೊನೆಗೆ ಯಾವ ಗುರುತೂ ಉಳಿದಿರಲಿಲ್ಲ. ಅಂಕ ಕೊಡುವವರ ಲೆಕ್ಕದಲ್ಲಿ ಅದು ಖಾಲಿ ಉತ್ತರ. ನನಗೆ ಅದೇ ಇಡೀ ಕಟ್ಟಿನಲ್ಲಿ ಪ್ರಾಮಾಣಿಕವಾದ ಉತ್ತರವಾಗಿ ಕಂಡಿತು.

ಎಲ್ಲ ಹಾಳೆಗಳ ಹಿಂಬದಿಯಲ್ಲಿ ಮೇಡಂ ಇನ್ನೊಂದು ಉಪಾಯ ಮಾಡಿದ್ದರು. ಅದೇ ಹೇಳಿಕೆಗಳನ್ನು ಮತ್ತೆ ಕೊಟ್ಟು, ಈ ಸಲ ನಿಮ್ಮ ತರಗತಿಯ ಹೆಚ್ಚಿನವರು ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ್ದರು. ಹಾಳೆ ತಿರುವುತ್ತ ಹೋದಂತೆ ಒಂದೇ ಚಿತ್ರ ಮತ್ತೆ ಮತ್ತೆ ಬಂತು. ಮುಂಬದಿಯಲ್ಲಿ ಕನಿಕರ, ಹಿಂಬದಿಯಲ್ಲಿ ತಾತ್ಸಾರ. ನನಗೆ ಪಾಪ ಅನ್ನಿಸುತ್ತದೆ, ಆದರೆ ನಮ್ಮ ಕ್ಲಾಸಿನವರಿಗೆ ಅನ್ನಿಸುವುದಿಲ್ಲ ಎಂದು ಹುಡುಗರೂ ಹುಡುಗಿಯರೂ ಬರೆದಿದ್ದರು. ಪ್ರತಿಯೊಬ್ಬರೂ ತಾವೊಬ್ಬರೇ ಹಾಗೆ ಎಂದುಕೊಂಡಿದ್ದರು. ಆಟದ ಬಯಲಿನಲ್ಲಿ ಯಾರೂ ಮುಂದೆ ಬಾರದಿರುವುದಕ್ಕೆ ಇದು ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಮನಸ್ಸಿನಲ್ಲಿರುವುದು ಸುಳ್ಳಲ್ಲ. ಉಳಿದವರ ಮನಸ್ಸಿನಲ್ಲಿ ಏನಿದೆ ಎಂಬ ಊಹೆ ಸುಳ್ಳು.

ಅಮೆರಿಕದ ನ್ಯೂಜೆರ್ಸಿಯ ಐದು ಶಾಲೆಗಳಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಸಂಗಡಿಗರು ಮಾಡಿ 2011ರಲ್ಲಿ ಪ್ರಕಟಿಸಿದ ಕೆಲಸ ಇದೇ ಅಂತರದ ಮೇಲೆ ನಿಂತದ್ದು. ಜೊತೆಯ ಮಕ್ಕಳು ಕಾಟ ಕೊಡುವುದನ್ನು ಒಪ್ಪುತ್ತಾರೆಂದು ಅಲ್ಲಿನ ಮಕ್ಕಳು ಊಹಿಸಿದ್ದ ಪ್ರಮಾಣ ನಿಜಕ್ಕಿಂತ ತುಂಬ ಹೆಚ್ಚಿತ್ತು. ಅವರು ಮಾಡಿದ್ದಿಷ್ಟೇ: ಆ ಶಾಲೆಯ ಮಕ್ಕಳೇ ಬರೆದ ಉತ್ತರದ ಲೆಕ್ಕವನ್ನು ದೊಡ್ಡ ಪೋಸ್ಟರುಗಳಲ್ಲಿ ಬರೆಸಿ ಶಾಲೆಯ ಗೋಡೆಗಳ ಮೇಲೆ ಹಾಕಿದರು. ಮುಂದಿನ ಸಮೀಕ್ಷೆಯಲ್ಲಿ ತಪ್ಪು ಊಹೆಯೂ ಇಳಿದಿತ್ತು, ಕಾಟವೂ ಇಳಿದಿತ್ತು. ಅಳೆಯುವುದರ ನಿಜವಾದ ಪ್ರಯೋಜನ ಇಲ್ಲಿದೆ. ಶಾಲೆಗಳಲ್ಲಿ ಸಮೀಕ್ಷೆ ನಡೆದರೂ ಫಲಿತಾಂಶ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಕೂತಿರುತ್ತದೆ, ಇಲ್ಲವೇ ಮೇಲಿನ ಕಚೇರಿಗೆ ಹೋಗುತ್ತದೆ. ಅದನ್ನು ಮೊದಲು ನೋಡಬೇಕಾದವರು ಅದನ್ನು ತುಂಬಿದ ಮಕ್ಕಳೇ. ನಾನು ಹೇಳಿದ ಮೇಡಂ ಮರುವಾರ ಎರಡೂ ಬದಿಯ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಏನೂ ವಿವರಿಸದೆ ಮಕ್ಕಳಿಗೇ ಮಾತಾಡಲು ಬಿಟ್ಟರು.

ಒಂದೆರಡು ಎಚ್ಚರಿಕೆ. ಈ ಅಂಕವನ್ನು ಒಬ್ಬೊಬ್ಬ ಮಗುವಿನ ಗುಣದ ಅಂಕವೆಂದು ಓದಬಾರದು. ಕಡಿಮೆ ಅಂಕದ ಹುಡುಗ ಕಾಟಕೋರನೇ ಆಗಿರಬೇಕಿಲ್ಲ, ಅವನೇ ಪೆಟ್ಟು ತಿಂದು ತನ್ನನ್ನೇ ಹಳಿದುಕೊಳ್ಳುತ್ತಿರುವವನೂ ಆಗಿರಬಹುದು. ತರಗತಿ ತರಗತಿಗಳ ನಡುವೆ ಸ್ಪರ್ಧೆ ಏರ್ಪಡಿಸುವುದಂತೂ ಬೇಡವೇ ಬೇಡ, ಮರುಸಲ ಎಲ್ಲರೂ ಮೇಷ್ಟರಿಗೆ ಬೇಕಾದ್ದನ್ನೇ ಬರೆಯುತ್ತಾರೆ. ಹಾಳೆ ತುಂಬುವಾಗ ಯಾರಿಗಾದರೂ ಹಳೆಯ ನೋವು ಕೆದಕಿದಂತಾಗಬಹುದು, ಆ ದಿನ ಮಾತಾಡಿಸಲು ಒಬ್ಬರು ಶಾಲೆಯಲ್ಲಿ ಇರಲೇಬೇಕು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ.

ಕೊನೆಯದಾಗಿ, ಒಬ್ಬ ತಂದೆ ಕೇಳಿರುವ ಪ್ರಶ್ನೆ. ಹತ್ತನೇ ತರಗತಿಯ ಮಗನಿಗೆ ಮನೆಯಲ್ಲೇ ಇಂಥ ಹಾಳೆ ಕೊಟ್ಟು ತುಂಬಿಸಬಹುದೇ ಎಂದು. ಬೇಡ ಸಾರ್. ಬರೆದವರು ಯಾರೆಂದು ನಿಮಗೆ ಗೊತ್ತಿರುವ ಹಾಳೆಯಲ್ಲಿ ಅವನು ನಿಮಗೆ ಹಿಡಿಸುವ ಉತ್ತರ ಬರೆಯುತ್ತಾನೆ. ಆದರೆ ನೀವು ಮಾಡಬಹುದಾದದ್ದು ಬೇರೆ ಇದೆ. ಕೆನ್ ರಿಗ್ಬಿ ಮತ್ತು ಬ್ರೂಸ್ ಜಾನ್ಸನ್ 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಪೆಟ್ಟು ತಿನ್ನುವವನ ನೆರವಿಗೆ ಹೋಗುತ್ತೇನೆ ಎಂದ ಮಕ್ಕಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ತಾವು ಹಾಗೆ ಮಾಡಬೇಕೆಂದು ಅಪ್ಪ ಅಮ್ಮ ಬಯಸುತ್ತಾರೆ, ಗೆಳೆಯರು ಬಯಸುತ್ತಾರೆ ಎಂದು ಅವರು ನಂಬಿದ್ದರು. ಶಿಕ್ಷಕರು ಬಯಸುತ್ತಾರೆ ಎಂಬ ನಂಬಿಕೆ ಅಷ್ಟು ಕೆಲಸ ಮಾಡಿರಲಿಲ್ಲ. ಎಷ್ಟೋ ಮನೆಗಳಲ್ಲಿ ನಾವು ಮಕ್ಕಳಿಗೆ ಹೇಳಿ ಕಳಿಸುವುದು ‘ನಿಂಗ್ಯಾಕೆ ಊರ ಉಸಾಬರಿ, ನೀನು ಓದ್ಕೋ’ ಎಂದು. ಅದರ ಬದಲು ರಾತ್ರಿ ಊಟದ ಹೊತ್ತಿಗೆ, ನಿಮ್ಮ ಕ್ಲಾಸಿನಲ್ಲಿ ಮಧ್ಯಾಹ್ನ ಒಬ್ಬನೇ ಕೂತು ಊಟ ಮಾಡುವವನು ಯಾರು ಎಂದು ಕೇಳಿ ನೋಡಿ. ‘ಅವನಾ, ಅವನು ಒಂಥರಾ ಅಪ್ಪಾ’ ಎಂದರೆ, ಒಂಥರಾ ಅಂದರೆ ಏನು ಎಂದು ಸಾವಧಾನವಾಗಿ ಕೇಳಿ, ಬೈಯಬೇಡಿ. ಆಮೇಲೆ ನಿಮ್ಮ ಆಸೆಯನ್ನು ಬಾಯಿಬಿಟ್ಟು ಹೇಳಿ. ಕಾಟ ಕೊಡುವವರ ಜೊತೆ ಬಡಿದಾಡಲು ಅವನನ್ನು ಕಳಿಸಬೇಕಿಲ್ಲ. ನಾಳೆ ಆ ಹುಡುಗನ ಪಕ್ಕ ಡಬ್ಬಿ ಬಿಚ್ಚಿದರೆ ಸಾಕು, ಅದೂ ಆಗದಿದ್ದರೆ ಒಬ್ಬ ಮೇಷ್ಟರಿಗೆ ಹೇಳಿದರೆ ಸಾಕು. ಹೇಳಿದ ಮೇಲೆ ಅವನಿಗೇನಾದರೂ ತೊಂದರೆಯಾದರೆ ಶಾಲೆಗೆ ಬಂದು ಮಾತಾಡುವವರು ನೀವೇ ಎಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಿ.